ಅವರೆಕಾಳಿನಷ್ಟು ಅಗಲ

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ತಗಡು ಒತ್ತುವ ಆ ಪ್ರೆಸ್ಸೊಂದು ಇಲ್ಲದೇ ಹೋಗಿದ್ದರೆ ಚನ್ನವೀರೇಶ ಸೂಕ್ಷ್ಮದರ್ಶಕವನ್ನು ಮನೆಗೆ ಹೊತ್ತು ತರುತ್ತಿರಲಿಲ್ಲ. ಮನೆಗೆ ತರದಿದ್ದರೆ ಅವನಮ್ಮ ಅದಕ್ಕೆ ವಿಭೂತಿ ಹಚ್ಚುತ್ತಿರಲಿಲ್ಲ. ಆದರೆ ಪ್ರೆಸ್ಸು ಇತ್ತು, ಅದೂ ಇವನ ಕಂಪನಿಯ ಗೋಡೆಗೆ ಅಂಟಿಕೊಂಡೇ ಇತ್ತು. ಅದು ದಬ್ ಅಂದಾಗಲೆಲ್ಲ ಇವನ ಮೇಜಿನ ಮೇಲಿದ್ದ ಪೆನ್ನು ಎದ್ದು ಕೂರುತ್ತಿತ್ತು.

ಕಂಪನಿ ಎಂದರೆ ದೊಡ್ಡದೇನಲ್ಲ. ಒಂದು ಶೆಡ್ಡು, ಆರೇಳು ಜನ, ಅವರ ಮೇಲೆ ಯಜಮಾನಿ ನಿಖಿತಾ. ಇವರು ಮಾಡಹೊರಟಿದ್ದು ಅಗ್ಗದ ಸೂಕ್ಷ್ಮದರ್ಶಕ. ಸೂಕ್ಷ್ಮದರ್ಶಕಕ್ಕೆ ಹುಟ್ಟಿನಿಂದಲೇ ಬಂದ ಒಂದು ಕಿರಿಕಿರಿ ಉಂಟು: ಎಷ್ಟು ದೊಡ್ಡದು ಮಾಡಿ ನೋಡುತ್ತೀರೋ ಅಷ್ಟು ಚಿಕ್ಕ ಜಾಗ ಕಾಣುತ್ತದೆ. ಕಿಟಕಿ ಸಂದಿಯಿಂದ ಮದುವೆ ಮನೆ ನೋಡಿದ ಹಾಗೆ. ಯಾರದೋ ಮೂಗುಬೊಟ್ಟು ಚೆನ್ನಾಗಿ ಕಾಣುತ್ತದೆ, ಮದುಮಗಳು ಎಲ್ಲಿ ಕೂತಿದ್ದಾಳೆಂದು ಗೊತ್ತಾಗುವುದಿಲ್ಲ. ಅದಕ್ಕೇ ಆಸ್ಪತ್ರೆಯ ಡಾಕ್ಟರುಗಳು ಗಾಜಿನ ಸ್ಲೈಡನ್ನು ಬೆರಳಲ್ಲಿ ಇಷ್ಟಿಷ್ಟೇ ತಳ್ಳುತ್ತ ದಿನವೆಲ್ಲ ಕುತ್ತಿಗೆ ನೋಯಿಸಿಕೊಳ್ಳುತ್ತಾರೆ. ಸ್ಲೈಡನ್ನು ತಾನೇ ತಳ್ಳುವ ಯಂತ್ರ ಫಾರಿನ್ನಿನಲ್ಲಿ ಸಿಗುತ್ತದಂತೆ, ಆದರೆ ಅದರ ಬೆಲೆಗೆ ಕೆಂಗೇರಿಯಾಚೆ ಒಂದು ಸೈಟೇ ಬರುತ್ತದೆ.

ನಿಖಿತಾ ಹೇಳುತ್ತಿದ್ದುದು ಬೇರೆ ದಾರಿ. ಸ್ಲೈಡನ್ನು ತಳ್ಳುವುದೇ ಬೇಡ. ಅದರ ಕೆಳಗೆ ಪುಟ್ಟಪುಟ್ಟ ದೀಪಗಳ ಹಲಗೆ ಇಟ್ಟು, ಒಂದೊಂದೇ ದೀಪ ಹಚ್ಚಿ ಒಂದೊಂದು ಫೋಟೋ ತೆಗೆದು, ಅಷ್ಟನ್ನೂ ಕಂಪ್ಯೂಟರಿಗೆ ಕೊಟ್ಟರೆ ಅದು ಲೆಕ್ಕ ಹಾಕಿ ಎಲ್ಲವನ್ನೂ ಸೇರಿಸಿ ಅಗಲವಾದ, ಸ್ಪಷ್ಟವಾದ ಒಂದೇ ಚಿತ್ರ ಕೊಡಬೇಕು. ಲೆಕ್ಕ ಹಾಕುವ ಪ್ರೋಗ್ರಾಮು ಬರೆದವನು ಚನ್ನವೀರೇಶ. ಷರತ್ತು ಒಂದೇ, ಮುಕ್ಕಾಲು ಗಂಟೆ ಏನೂ ಅಲುಗಾಡಬಾರದು. ಪ್ರೆಸ್ಸಿನ ಪಕ್ಕ ಕೂತು ಅದು ಹೇಗೆ ಸಾಧ್ಯ? ವರ್ಷವಾಗುತ್ತ ಬಂದರೂ ಅವನ ಚಿತ್ರ ಸಾಸಿವೆ ಕಾಳಿನಷ್ಟು ಜಾಗ ಬಿಟ್ಟು ಆಚೆ ದಾಟಿರಲಿಲ್ಲ. ಡಾಕ್ಟರುಗಳು ಕೇಳಿದ್ದು ಅವರೆಕಾಳಿನಷ್ಟು.

ಬುಧವಾರ ಸಂಜೆ ನಿಖಿತಾ ಕರೆದು ತಣ್ಣಗೆ ಹೇಳಿದಳು. "ಚನ್ನವೀರೇಶ್, ನಾಳೆ ಸಂಜೆಯೊಳಗೆ ಅವರೆಕಾಳು ನನ್ನ ಕೈಗೆ ಬರಬೇಕು. ಇಲ್ಲಾಂದ್ರೆ ಈ ಪ್ರಾಜೆಕ್ಟ್ ಮುಚ್ತೀನಿ. ನೀವು ಸೇಲ್ಸ್‌ಗೆ ಹೋಗಿ. ಸೋಮವಾರದಿಂದ ರಾಯಚೂರು, ಕಲಬುರಗಿ ಕಾಲೇಜುಗಳು. ಸ್ಯಾಂಪಲ್ ಬ್ಯಾಗ್ ರೆಡಿ ಇದೆ."

ಆಗ ಏಪ್ರಿಲ್ ತಿಂಗಳು. ಬೆಂಗಳೂರಿನ ಏಪ್ರಿಲ್ಲಿಗೇ ಮೈಮೇಲೆ ಬೊಬ್ಬೆ ಬರುವ ಜಾತಿ ನಮ್ಮ ಚನ್ನವೀರೇಶನದು. ಅದಕ್ಕಿಂತ ಹೆಚ್ಚಾಗಿ, ಅಪರಿಚಿತರ ಮುಂದೆ ಅವನ ಬಾಯಿಂದ ಮಾತೇ ಹೊರಡುವುದಿಲ್ಲ. ಅಂಥವನು ಪ್ರಿನ್ಸಿಪಾಲರ ಕೋಣೆಯೆದುರು ಬ್ಯಾಗು ಹಿಡಿದು ನಿಲ್ಲುವುದನ್ನು ನೆನೆಸಿಕೊಂಡೇ ಬೆವೆತು, ಯಂತ್ರವನ್ನು ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬಸವೇಶ್ವರನಗರದ ಮನೆಗೆ ಬಂದ. ಅವನ ಬೀದಿ ನಿಶ್ಶಬ್ದವಾದ ಬೀದಿ ಎಂದು ಅವನ ನಂಬಿಕೆ. ಪಾಪ, ಹಗಲು ಹೊತ್ತು ಅವನು ಆ ಬೀದಿಯಲ್ಲಿ ಇದ್ದದ್ದೇ ಇಲ್ಲ.

ಗುರುವಾರ ಬೆಳಿಗ್ಗೆ ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಮ್ಮ ಶಿವಕ್ಕ ಯಂತ್ರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹಣೆಯೆಂದು ತನಗೆ ತೋಚಿದ ಕಡೆ ಮೂರು ಬೆರಳು ವಿಭೂತಿ ಎಳೆದು, ಮೇಲೊಂದು ದಾಸವಾಳ ಏರಿಸಿ ಊದುಬತ್ತಿ ಬೆಳಗುತ್ತಿದ್ದಳು.

ಚನ್ನವೀರೇಶ ಟವೆಲಿನಲ್ಲೇ ಓಡಿ ಬಂದ. ಅಮ್ಮ ಹೆದರಲಿಲ್ಲ. "ಹೊಸ ಮಿಷಿನ್ನು ಕಣೋ. ಆಯುಧಪೂಜೆ ಬರೋವರ್ಗೂ ಕಾಯಕ್ಕಾಗುತ್ತಾ? ಗಾಜಿನ ಬಿಲ್ಲೆನ ತೆಗೆದು ಒರೆಸಿ, ಇದ್ದ ಜಾಗದಲ್ಲೇ ಇಟ್ಟಿದೀನಿ, ನೋಡ್ಕೋ" ಎಂದಳು.

ಅವನು ನೋಡಿಕೊಂಡ. ಆಸ್ಪತ್ರೆಯವರು ಕೊಟ್ಟಿದ್ದ ಗುಲಾಬಿ ಬಣ್ಣದ ಸ್ಲೈಡು ತನ್ನ ಜಾಗದಲ್ಲೇ ಇತ್ತು, ಮಸೂರಕ್ಕೆ ವಿಭೂತಿ ತಗುಲಿರಲಿಲ್ಲ. ದಾಸವಾಳ ತೆಗೆದು ದೇವರಿಗಿಟ್ಟು, ಅಮ್ಮ ಕೊಟ್ಟ ಕಾಫಿ ಕುಡಿದು ಕೂತ. ಕಾಫಿಪುಡಿಯ ಪೊಟ್ಟಣದ ಬಾಯಿಗೆ ಪುಟ್ಟದೊಂದು ಸ್ಟೀಲಿನ ಕ್ಲಿಪ್ಪು ಹಾಕಿತ್ತು. ಎಷ್ಟು ಅಚ್ಚುಕಟ್ಟು ನಮ್ಮಮ್ಮ ಎಂದುಕೊಂಡ, ಅಷ್ಟೇ.

ಮೊದಲ ಪ್ರಯತ್ನವನ್ನು ಅವನ ಫೋನೇ ಕೆಡಿಸಿತು. ಮೇಜಿನ ಮೇಲಿದ್ದ ಅದು ಲೋನು ಬೇಕಾ ಎಂದು ಕೇಳಲು ಗುರ್ರ್ ಎಂದು ನಡುಗಿತು, ಅದರ ಜೊತೆ ಮೇಜು ನಡುಗಿತು, ಪರದೆಯ ಮೇಲೆ ಚಿತ್ರ ಕಲಸಿಹೋಯಿತು. ಚನ್ನವೀರೇಶ ಫೋನನ್ನು ಒಯ್ದು ಅಕ್ಕಿ ಡಬ್ಬದೊಳಗೆ ಹುಗಿದು ಬಂದ.

ಎರಡನೆಯದು ಅರ್ಧ ಮುಗಿದಿತ್ತು. ಆಗ ಪಕ್ಕದ ಮನೆಯ ಯಶೋದಮ್ಮ ಇಡ್ಲಿಗೆ ರುಬ್ಬಲು ಗ್ರೈಂಡರ್ ಹಾಕಿದರು. ಎರಡು ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಚನ್ನವೀರೇಶ ಹೋಗಿ ಕೈಮುಗಿದು, ಆಂಟಿ, ಸಂಜೆವರೆಗೂ ದಯವಿಟ್ಟು ರುಬ್ಬಬೇಡಿ ಎಂದು ಬೇಡಿಕೊಂಡ. ಯಶೋದಮ್ಮ ಒಳ್ಳೆಯವರು. ಒಳ್ಳೆಯವರಾದ್ದರಿಂದಲೇ ಯಾಕೆ ಎಂದು ಕೇಳಿದರು, ಕೇಳಿ ಒಳಗೆ ಬಂದು ನೋಡಿದರು, ಗುಲಾಬಿ ಸ್ಲೈಡಿನಲ್ಲಿ ಇರುವುದು ಮನುಷ್ಯರ ಮೈಯ ಚೂರು ಎಂದು ತಿಳಿದುಕೊಂಡು ಗಲ್ಲದ ಮೇಲೆ ಕೈಯಿಟ್ಟುಕೊಂಡರು. ಕಾಲು ಗಂಟೆಯಲ್ಲಿ ಬೀದಿಗೆಲ್ಲ ಸುದ್ದಿ ಮುಟ್ಟಿತು: ಶಿವಕ್ಕನ ಮಗ ಮನೆಯಲ್ಲೇ ಕಾಯಿಲೆ ಕಂಡುಹಿಡಿಯುವ ಮಿಷಿನ್ನು ತಂದಿದ್ದಾನೆ, ಒಂದು ಪೈಸೆ ತಗೊಳ್ಳುವುದಿಲ್ಲ.

ಬಂದರು ನೋಡಿ ಜನ. ಒಬ್ಬರು ಬಾಚಣಿಗೆ ಸಮೇತ ಉದುರಿದ ಕೂದಲು ತಂದರು. ಇನ್ನೊಬ್ಬರು ತಮ್ಮ ಮೊಣಕೈ ಮೇಲಿನ ಮಚ್ಚೆಯನ್ನು ಯಂತ್ರದ ಕೆಳಗೆ ತೂರಿಸಲು ನೋಡಿದರು. ರಾಗಿಹಿಟ್ಟಿನಲ್ಲಿ ಹುಳ ಬಿದ್ದಿದೆ, ಅಂಗಡಿಯವನಿಗೆ ತೋರಿಸಲು ದೊಡ್ಡದು ಮಾಡಿ ಕೊಡಿ ಎಂದು ಮತ್ತೊಬ್ಬರು ಬಟ್ಟಲು ಹಿಡಿದು ನಿಂತರು. ಒಬ್ಬೊಬ್ಬರ ಹೆಜ್ಜೆಗೂ ಮೇಜು ಅಲುಗಿತು. ಮೂರನೆಯ ಪ್ರಯತ್ನವೂ ಹೋಯಿತು, ನಾಲ್ಕನೆಯದೂ ಹೋಯಿತು. ಚನ್ನವೀರೇಶನ ಕಣ್ಣ ಮುಂದೆ ಆ ಸ್ಯಾಂಪಲ್ ಬ್ಯಾಗು ಬಂದು ಕೂತಿತು.

ಈ ಗದ್ದಲಕ್ಕೆ ಮನೆ ಓನರ್ ಹನುಮಂತಯ್ಯ ಮೇಲಿನ ಮಹಡಿಯಿಂದ ಇಳಿದು ಬಂದರು. ಈ ಬಡಾವಣೆ ಹೊಲವಾಗಿದ್ದಾಗ ಇಲ್ಲೆಲ್ಲ ಅವರಪ್ಪನೇ ರಾಗಿ ಬೆಳೆದಿದ್ದರು. ಹಾಗಾಗಿ ಬೀದಿ ಪೂರ್ತಿ ತಮ್ಮ ಮನೆಯ ಅಂಗಳ ಎಂಬ ಭಾವನೆ ಅವರಿಗೆ ಇನ್ನೂ ಹೋಗಿಲ್ಲ. ವಿಷಯ ಕೇಳಿ ಅವರ ಮನಸ್ಸು ಕರಗಿತು. "ಹುಡುಗನ ಕೆಲಸ ಹೋಗುತ್ತೆ ಅಂತೀರಾ? ನಡೀರಿ ಎಲ್ಲಾ ಆಚೆಗೆ. ಚನ್ನವೀರಪ್ಪ, ನೀನು ಬಾಗಿಲು ಹಾಕ್ಕೋ. ಐದು ಗಂಟೆವರ್ಗೂ ಈ ಬೀದೀಲಿ ಒಂದು ಎಲೆ ಅಲ್ಲಾಡಲ್ಲ, ನಂದು ಗ್ಯಾರಂಟಿ" ಎಂದರು.

ಗೇಟಿನ ಮುಂದೆ ಕುರ್ಚಿ ಹಾಕಿ ಕೂತೇ ಬಿಟ್ಟರು. ಸೊಪ್ಪಿನವಳನ್ನು ಹಿಂದಕ್ಕೆ ಕಳಿಸಿದರು. ಸಿಲಿಂಡರಿನವನು ಸಿಲಿಂಡರನ್ನು ಉರುಳಿಸದೆ ಮಗುವಿನಂತೆ ಎತ್ತಿಕೊಂಡು ಹೋಗುವ ಹಾಗೆ ಮಾಡಿದರು. ಬೇಸಿಗೆ ರಜೆಯ ಕ್ರಿಕೆಟ್ಟನ್ನು ಪಕ್ಕದ ಬೀದಿಗೆ ಓಡಿಸಿದರು. ಎಲ್ಲ ಸರಿ, ಆದರೆ ಸದ್ದು ಮಾಡಬೇಡಿ ಎಂದು ಅವರು ಕೂಗುತ್ತಿದ್ದ ಕೂಗು ಕಾಮಾಕ್ಷಿಪಾಳ್ಯದ ಬಸ್ ಸ್ಟಾಪಿಗೆ ಕೇಳಿಸುವಂತಿತ್ತು. ಕೂಗಿದಾಗಲೆಲ್ಲ ಕುರ್ಚಿಯಿಂದ ಎದ್ದು ಕಬ್ಬಿಣದ ಗೇಟಿನ ಮೇಲೆ ಕೋಲಿನಿಂದ ಒಂದು ಬಾರಿಸುತ್ತಿದ್ದರು. ಐದನೆಯ ಪ್ರಯತ್ನವನ್ನು ಆ ಗೇಟೇ ತಿಂದುಹಾಕಿತು.

ಮಧ್ಯಾಹ್ನ ಮೂರು ದಾಟಿದರೂ ಅವನು ಉಂಡಿರಲಿಲ್ಲ. ಆಗ ಯಶೋದಮ್ಮ ಇನ್ನೊಂದು ದೋಷ ಕಂಡುಹಿಡಿದರು. "ಎಲ್ರುನೂ ಆಚೆಗ್ ಹಾಕಿ ನೀನು ಅದ್ರ ಮುಂದೇನೇ ಬುಸುಬುಸು ಅಂತ ಕೂತಿದೀಯಲ್ಲೋ. ಮಿಷಿನ್ ಹಾಕ್ಬಿಟ್ಟು ಬಾ, ನಮ್ಮನೇಲಿ ಊಟ ಮಾಡು."

ಅದೂ ನಿಜವೆನಿಸಿತು. ಅಮ್ಮನನ್ನೂ ಕರೆದುಕೊಂಡು, ಹನುಮಂತಯ್ಯನವರಿಗೆ ಗೇಟು ಬಡಿಯಬೇಡಿರೆಂದು ಮೆತ್ತಗೆ ಹೇಳಿ, ಯಂತ್ರವನ್ನು ಚಾಲೂ ಮಾಡಿ, ಬಾಗಿಲನ್ನು ಹೂವಿನಂತೆ ಮುಚ್ಚಿ ಯಶೋದಮ್ಮನ ಮನೆಗೆ ಹೋದ. ನಾಲ್ಕಾಗಲು ಇನ್ನು ಸ್ವಲ್ಪ ಹೊತ್ತಿತ್ತು. ಇದು ಕೆಟ್ಟರೆ ಇನ್ನೊಂದಕ್ಕೆ ಸಮಯವಿಲ್ಲ.

ಯಶೋದಮ್ಮನ ಮಾತು ಮುಗಿದು ಮಜ್ಜಿಗೆಗೆ ಬರುವಷ್ಟರಲ್ಲಿ, ಎಷ್ಟು ಹೊತ್ತಿನಿಂದ ಓಡುತ್ತಿತ್ತೋ, ಗೋಡೆಯಾಚೆಯಿಂದ ಗೊಯ್ಯೋ ಎಂಬ ಸದ್ದು ಅವನ ಕಿವಿಗೆ ಬಿತ್ತು. ಆ ಸದ್ದು ಬೀದಿಗೆಲ್ಲ ಗೊತ್ತು. ದಿನ ಬಿಟ್ಟು ದಿನ ಕಾವೇರಿ ನೀರು ಬರುತ್ತದೆ, ಸಂಪು ತುಂಬುತ್ತದೆ, ಸಂಪು ತುಂಬಿದೊಡನೆ ಹನುಮಂತಯ್ಯ ಮೋಟಾರು ಹಾಕಿ ಮೇಲಿನ ಟ್ಯಾಂಕಿಗೆ ಏರಿಸುತ್ತಾರೆ. ನೀರು ಬಂದಾಗ ಅವರ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತದೆ, ಅದಕ್ಕೆ ಅವರನ್ನು ಕೇಳಬೇಕಿಲ್ಲ. ಅವರ ಮದುವೆಯ ಕಾಲದ ಆ ಮೋಟಾರಿನ ಬುಡದ ಬೋಲ್ಟುಗಳು ಎಂದೋ ಸಡಿಲಾಗಿದ್ದವು, ಮೋಟಾರು ಇದ್ದದ್ದು ಚನ್ನವೀರೇಶನ ಕೋಣೆಯ ಕಿಟಕಿಯ ಕೆಳಗೇ.

ಅವನು ಎಂಜಲು ಕೈಯಲ್ಲೇ ಓಡಿದ. ಹನುಮಂತಯ್ಯ ಸ್ವಿಚ್ಚು ಹಾಕಿ ಬಂದು, ಏನೂ ಆಗದವರಂತೆ ಮತ್ತೆ ಕುರ್ಚಿಯಲ್ಲಿ ಕೂತು ಕಾವಲು ಕಾಯುತ್ತಿದ್ದರು. ಬೆಳಗಿನಿಂದ ನುಂಗಿಕೊಂಡಿದ್ದ ಸಿಟ್ಟೆಲ್ಲ ಒಮ್ಮೆಗೇ ಹೊರಬಂತು.

"ಏನು ಯಜಮಾನ್ರೇ ಇದು? ಎಲೆ ಅಲ್ಲಾಡಲ್ಲ ಅಂದ್ರಿ, ಇಡೀ ಮನೇನೇ ಅಲ್ಲಾಡ್ತಾ ಇದೆ. ಮೊದ್ಲು ಈ ದರಿದ್ರ ಮೋಟ್ರು ತಗೊಂಡೋಗಿ ಗುಜರಿಗೆ ಹಾಕಿ."

ಬೀದಿ ನಿಜವಾಗಿಯೂ ನಿಶ್ಶಬ್ದವಾದದ್ದು ಆಗ. ಬಾಡಿಗೆದಾರರು ಯಾರೂ ಹನುಮಂತಯ್ಯನವರ ಮೋಟಾರಿಗೆ ಹಾಗೆ ಅಂದಿರಲಿಲ್ಲ. ಅವರು ಎದ್ದು ಹೋಗಿ ಸ್ವಿಚ್ಚು ಆರಿಸಿ, ಕುರ್ಚಿ ಮಡಚಿ ಕಂಕುಳಲ್ಲಿಟ್ಟುಕೊಂಡು ತಲೆ ತಗ್ಗಿಸಿ ಹೊರಟುಹೋದರು. ಚನ್ನವೀರೇಶನಿಗೆ ಅಯ್ಯೋ ಅನಿಸಿತು, ಆದರೆ ಕ್ಷಮೆ ಕೇಳುವಷ್ಟು ಪುರುಸೊತ್ತಿರಲಿಲ್ಲ.

ಒಳಗೆ ಹೋದಾಗ ಯಂತ್ರ ಕೆಲಸ ಮುಗಿಸಿತ್ತು, ಕಂಪ್ಯೂಟರು ಫೋಟೋಗಳನ್ನು ಸೇರಿಸುತ್ತಿತ್ತು. ಕಲಬುರಗಿಯ ರೈಲು ಎಷ್ಟು ಹೊತ್ತಿಗೆ ಎಂದು ಯೋಚಿಸುತ್ತ ಅವನು ಪರದೆ ನೋಡಿದ. ನೋಡಿದವನು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ.

ಚಿತ್ರ ಬಂದಿತ್ತು. ಸಾಸಿವೆಕಾಳಿನಷ್ಟಲ್ಲ, ಅವರೆಕಾಳನ್ನೂ ಮೀರಿ ಪರದೆಯ ಈ ತುದಿಯಿಂದ ಆ ತುದಿಗೆ ಉದ್ದಕ್ಕೂ ಹಬ್ಬಿತ್ತು. ಎಲ್ಲಿ ಹಿಗ್ಗಿಸಿದರೂ ಒಂದೊಂದು ಜೀವಕೋಶವೂ ಬಿಡಿಸಿಟ್ಟ ದಾಳಿಂಬೆಯಂತೆ ಸ್ಪಷ್ಟವಾಗಿತ್ತು. ಅವನು ಕುಣಿದ, ಅಮ್ಮನನ್ನು ಎತ್ತಿ ತಿರುಗಿಸಿದ, ಚಿತ್ರವನ್ನು ನಿಖಿತಾಳಿಗೆ ಕಳಿಸಿ ಅಕ್ಕಿ ಡಬ್ಬದಿಂದ ಫೋನು ತೆಗೆದ. ಅದು ಕೈಯಲ್ಲಿದ್ದಂತೆಯೇ ನಡುಗಿತು.

"ಚನ್ನವೀರೇಶ್, ಅವರೆಕಾಳು ಕೇಳಿದ್ರೆ ಅವರೆಕಾಯೇ ಕಳಿಸಿದೀರಲ್ಲ!" ನಿಖಿತಾಳ ದನಿಯಲ್ಲಿ ಅವನು ಅಂಥ ಸಂತೋಷ ಕೇಳಿಯೇ ಇರಲಿಲ್ಲ. "ಈ ಲೆನ್ಸಲ್ಲಿ ಇಷ್ಟು ಅಗಲ ಬರೋಕೆ ಸಾಧ್ಯಾನೇ ಇಲ್ಲ. ಹೇಗೆ ಮಾಡಿದ್ರಿ?"

ನನಗೂ ಗೊತ್ತಿಲ್ಲ ಎಂದು ಹೇಳುವುದು ಎಷ್ಟು ಸುಲಭವಾಗಿತ್ತು. ಆದರೆ ವರ್ಷವಿಡೀ ಬೈಸಿಕೊಂಡವನಿಗೆ ಹೊಗಳಿಕೆಯ ರುಚಿ ಹತ್ತಿದಾಗ ನಾಲಿಗೆ ಹಿಡಿತದಲ್ಲಿರುವುದಿಲ್ಲ. ಲೆಕ್ಕ ಹಾಕುವ ವಿಧಾನವನ್ನೇ ಬದಲಾಯಿಸಿದೆ ಮೇಡಂ, ತುಂಬ ದಿನದಿಂದ ತಲೆಯಲ್ಲಿತ್ತು, ಇವತ್ತು ಕೂಡಿಬಂತು ಎಂದು ಹೇಳಿಯೇ ಬಿಟ್ಟ. ನಿಖಿತಾ ಇನ್ನೂ ಖುಷಿಪಟ್ಟಳು. ಡಾಕ್ಟರುಗಳಿಗೆ ಚಿತ್ರ ಕಳಿಸಿದ್ದೂ ಆಗಿತ್ತು, ಅವರು ನಂಬಲಿಲ್ಲವಂತೆ. ನಾಳೆ ಬೆಳಿಗ್ಗೆ ತಮ್ಮದೇ ಬೇರೆ ಸ್ಲೈಡು ತರುತ್ತಾರಂತೆ, ಅವರ ಕಣ್ಣೆದುರೇ ಮಾಡಿ ತೋರಿಸಬೇಕಂತೆ. ನಿಮ್ಮ ಮನೆಗೇ ಕರೆದುಕೊಂಡು ಬರುತ್ತೇನೆ, ಆಗದೇ ಹೋದರೆ ಇಬ್ಬರ ಮಾನವೂ ಹೋಗುತ್ತದೆ, ನೆನಪಿರಲಿ ಎಂದು ಫೋನಿಟ್ಟಳು.

ಈಗ ಚನ್ನವೀರೇಶನಿಗೆ ತಾನು ಏನು ಮಾಡಿದೆ ಎಂದು ತಿಳಿದುಕೊಳ್ಳುವ ಅಗತ್ಯ ಬಂತು. ಹೊರಗಿನ ಸದ್ದೊಂದೂ ಕಿವಿಗೆ ಬೀಳದಷ್ಟು ಮುಳುಗಿ, ಕತ್ತಲಾಗುವವರೆಗೂ ಯಂತ್ರ ತೆಗೆದ ಬಿಡಿ ಫೋಟೋಗಳನ್ನು ಒಂದೊಂದಾಗಿ ತೆರೆದು ನೋಡಿದ. ಮೊದಮೊದಲಿನವು ಒಂದೇ ಜಾಗದವು. ಆಮೇಲೆ ಒಂದರಲ್ಲಿ ಕಂಡ ಜಾಗ ಮುಂದಿನದರಲ್ಲಿ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿತ್ತು. ಅದರ ಮುಂದಿನದರಲ್ಲಿ ಇನ್ನೊಂದೆಳೆ. ಕೊನೆಯ ಫೋಟೋ ಹೊತ್ತಿಗೆ ಸ್ಲೈಡು ಈ ಅಂಚಿನಿಂದ ಆ ಅಂಚಿಗೆ ನಡೆದೇ ಹೋಗಿತ್ತು. ಫಾರಿನ್ ಯಂತ್ರ ಮಾಡುವ ಕೆಲಸವನ್ನು ಯಾರೋ ಬಿಟ್ಟಿ ಮಾಡಿದ್ದರು, ಪ್ರೋಗ್ರಾಮು ಪಾಪ ಸಿಕ್ಕ ಫೋಟೋಗಳನ್ನೆಲ್ಲ ಪಕ್ಕಪಕ್ಕ ಹೊಲಿದು ಕೊಟ್ಟಿತ್ತು.

ಸ್ಲೈಡು ಹೇಗೆ ನಡೆಯುತ್ತದೆ? ಅದನ್ನು ಒತ್ತಿ ಹಿಡಿಯುವ ಸ್ಟೀಲಿನ ಕ್ಲಿಪ್ಪು ಇರುತ್ತದಲ್ಲ! ಬಗ್ಗಿ ನೋಡಿದ. ಕ್ಲಿಪ್ಪಿರಲಿಲ್ಲ. ಅಡುಗೆಮನೆಗೆ ಹೋಗಿ ಕಾಫಿಪುಡಿಯ ಪೊಟ್ಟಣದ ಬಾಯಿಂದ ಆ ಕ್ಲಿಪ್ಪು ಬಿಚ್ಚಿ ಅಮ್ಮನ ಮುಂದೆ ಹಿಡಿದ. ಒರೆಸುವಾಗ ಅಡ್ಡ ಬಂತು, ಬಟ್ಟೆ ಕ್ಲಿಪ್ಪಿನ ಹಾಗಿತ್ತು, ತೆಗೆದೆ ಎಂದಳು ಶಿವಕ್ಕ.

ಅಂದರೆ ಕ್ಲಿಪ್ಪಿಲ್ಲದ ಸ್ಲೈಡನ್ನು ಆ ಮೋಟಾರಿನ ನಡುಕ ಮೆಲ್ಲಮೆಲ್ಲನೆ, ಸಮಸಮನಾಗಿ ತಳ್ಳಿತ್ತು. ಮದುಮಗಳನ್ನು ತೋರಿಸಿಕೊಟ್ಟವರು ಹನುಮಂತಯ್ಯ. ಅವನಿಗೆ ನಾಚಿಕೆಯೂ ಆಯಿತು, ನೆಮ್ಮದಿಯೂ ಆಯಿತು. ಇನ್ನೇನು, ಹೋಗಿ ಕಾಲು ಹಿಡಿದು ತಪ್ಪಾಯಿತು ಎನ್ನುವುದು, ನಾಳೆ ಬೆಳಿಗ್ಗೆ ಮೋಟಾರು ಹಾಕಿಸುವುದು.

ಹೊರಗೆ ಬಂದಾಗ ಹನುಮಂತಯ್ಯ ಸಂಪಿನ ಪಕ್ಕ ನಿಂತಿದ್ದರು. ಮೆಕ್ಯಾನಿಕ್ ಗೂಳಪ್ಪ ಸಂಪಿನೊಳಗಿಂದ ಒದ್ದೆಯಾಗಿ ಮೇಲೆ ಬರುತ್ತಿದ್ದ. ಕಿಟಕಿಯ ಕೆಳಗಿನ ಜಾಗ ಖಾಲಿ, ನಾಲ್ಕು ತೂತು ಮಾತ್ರ ಉಳಿದಿದ್ದವು.

"ಬಾಪ್ಪಾ" ಎಂದರು ಹನುಮಂತಯ್ಯ. ದನಿಯಲ್ಲಿ ಕೋಪವಿರಲಿಲ್ಲ, ಅದೇ ಇನ್ನೂ ಕಷ್ಟವಾಯಿತು. "ನೀನು ಅಂದಿದ್ದು ನನಗೆ ಚುರುಕ್ ಅಂತು. ಆಮೇಲೆ ಯೋಚ್ನೆ ಮಾಡ್ದೆ, ಹುಡ್ಗ ಹೇಳಿದ್ದು ನ್ಯಾಯವಾಗೇ ಐತೆ. ನೀರೊಳಗೇ ಮುಳುಗಿರೋ ಹೊಸ ಮೋಟ್ರು ಹಾಕ್ಸಿದೀನಿ. ನೋಡು, ಈಗ ಓಡ್ತಾ ಐತೆ."

ಚನ್ನವೀರೇಶ ಕಿವಿಗೊಟ್ಟ. ನೆಲಕ್ಕೆ ಕೈಯಿಟ್ಟ. ಎಲ್ಲೂ ಏನೂ ಇರಲಿಲ್ಲ.

"ಹಳೇದು?" ಎಂದು ಕೇಳಿದ.

ಕಾಮಾಕ್ಷಿಪಾಳ್ಯದ ಗುಜರಿಯವನು ಬಂದು ಒಯ್ದನಂತೆ. ತಾಮ್ರದ ತಂತಿಗಾಗಿ ಅಲ್ಲೇ ಒಡೆದುಹಾಕಿದ್ದನ್ನು ತಾನೇ ಕಣ್ಣಾರೆ ಕಂಡು ಬಂದೆ ಎಂದು ಗೂಳಪ್ಪ ಹೇಳಿದ. ಚನ್ನವೀರೇಶ ಹನುಮಂತಯ್ಯನವರ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರು ಬಂದದ್ದು ಕೃತಜ್ಞತೆಗೆ ಎಂದುಕೊಂಡು ಅವರು ಬೆನ್ನು ತಟ್ಟಿದರು.

ಅಲ್ಲಿಂದ ನೇರವಾಗಿ ಯಶೋದಮ್ಮನ ಮನೆಗೆ ಓಡಿದ. ಆಂಟಿ, ನಾಳೆ ಬೆಳಿಗ್ಗೆ ರುಬ್ಬುತ್ತೀರಾ, ಎಷ್ಟು ಹೊತ್ತು ಬೇಕಾದರೂ ರುಬ್ಬಿ ಎಂದ. ಯಶೋದಮ್ಮ ಅವನ ಸಂಕೋಚ ಕಂಡು ನಕ್ಕರು. ನಾಳೆ ಡಾಕ್ಟರುಗಳು ಬರುತ್ತಾರೆಂದು ಶಿವಕ್ಕ ಆಗಲೇ ಹೇಳಿದ್ದಳಂತೆ. ಮರೆತು ತಾವೆಲ್ಲಿ ಸ್ವಿಚ್ಚು ಹಾಕಿಬಿಡುತ್ತೀವೋ ಎಂದು ಹೆದರಿ, ಗ್ರೈಂಡರನ್ನೇ ಕೆಂಗೇರಿಯ ತಂಗಿಯ ಮನೆಗೆ ಕಳಿಸಿಬಿಟ್ಟಿದ್ದರು. ಎರಡು ದಿನ ಅಂಗಡಿ ಹಿಟ್ಟಿನ ಇಡ್ಲಿ ತಿಂದರೆ ನಾವೇನು ಸಾಯಲ್ಲ ಬಿಡು ಎಂದರು.

ಮನೆಗೆ ಬಂದು ಫೋನನ್ನು ಮೇಜಿನ ಮೇಲಿಟ್ಟು, ಕೈಮೇಲೆ ತಲೆಯಿಟ್ಟು ಕೂತ. ಅಷ್ಟರಲ್ಲಿ ಫೋನು ಗುರ್ರ್ ಎಂದಿತು. ಪರದೆಯ ಮೇಲೆ ಸ್ಲೈಡು ಒಂದೆಳೆ ಸರಿಯಿತು.

ಚನ್ನವೀರೇಶ ಕುರ್ಚಿಯಿಂದ ಜಿಗಿದ. ಫೋನಿದೆ! ಅದಕ್ಕಿಂತ ಹೆಚ್ಚಾಗಿ, ರಾಜಾಜಿನಗರದಲ್ಲಿ ಪ್ರೆಸ್ಸಿದೆ! ಕ್ಲಿಪ್ಪು ತೆಗೆದು ಅದರ ಪಕ್ಕ ಇಟ್ಟರೆ ಸ್ಲೈಡು ನಡೆಯದೆ ಎಲ್ಲಿಗೆ ಹೋದೀತು? ಕರೆ ನಿಖಿತಾಳದೇ ಆಗಿತ್ತು. ಅವಳು ಬಾಯಿ ತೆಗೆಯುವ ಮೊದಲೇ, ಮೇಡಂ, ನಮ್ಮ ಮನೆ ಬೇಡ, ಆಫೀಸಿನಲ್ಲೇ ಮಾಡೋಣ, ಪ್ರೆಸ್ಸಿನ ಗೋಡೆ ಪಕ್ಕದ ಮೇಜಿನ ಮೇಲೇ ಮಾಡೋಣ ಎಂದ.

"ಅದನ್ನ ಹೇಳೋಕೇ ಫೋನ್ ಮಾಡ್ದೆ" ಎಂದಳು ನಿಖಿತಾ. "ಆಫೀಸಲ್ಲೇ. ಪ್ರೆಸ್ ಓನರ್ ಹತ್ರ ಹೋಗಿ ಮಾತಾಡಿದೀನಿ. ನಿಮ್ಮ ಕಷ್ಟ ಕೇಳಿ ಪಾಪ ತುಂಬ ಬೇಜಾರ್ ಮಾಡ್ಕೊಂಡ್ರು. ನಾಳೆ ಪೂರ್ತಿ ದಿನ ಪ್ರೆಸ್ ಬಂದ್. ಎಲ್ಲರ ಫೋನನ್ನೂ ಬಾಗಿಲಲ್ಲೇ ಇಸ್ಕೊತೀನಿ, ಡಾಕ್ಟರ್‌ಗಳದೂ ನಿಮ್ಮದೂ ಸೇರಿ. ಒಂದು ಸಣ್ಣ ಅಲುಗಾಟನೂ ಇರಲ್ಲ. ಖುಷಿನಾ?"

"ತುಂಬಾ ಖುಷಿ ಮೇಡಂ" ಎಂದ ಚನ್ನವೀರೇಶ.

ಫೋನಿಟ್ಟು, ಸ್ಟೂಲು ಹಾಕಿಕೊಂಡು ಅಟ್ಟಕ್ಕೆ ಕೈ ಚಾಚಿ, ಧೂಳು ಹಿಡಿದಿದ್ದ ಸೂಟ್‌ಕೇಸನ್ನು ಎಳೆಯತೊಡಗಿದ. ಅಡುಗೆಮನೆಯಿಂದ ಶಿವಕ್ಕ ತುದಿಗಾಲಲ್ಲಿ ಬಂದು ಎರಡು ಕೈಯಲ್ಲೂ ಅದನ್ನು ಹಿಡಿದುಕೊಂಡಳು.

"ಮೆತ್ತಗೆ ಇಳಿಸೋ" ಎಂದು ಪಿಸುಗುಟ್ಟಿದಳು. "ಮಿಷಿನ್ ಅಲ್ಲಾಡುತ್ತೆ."